ಬಾಯಲ್ಲಿ ಮೊಟ್ಟೆ ಹೊತ್ತವನ ಉಪವಾಸ

ಕಾರವಾರದ ಮೀನುಪೇಟೆಯಲ್ಲಿ ಆ ಅಜ್ಜಿ ಶೇಡೆ ಮೀನಿನ ಬಾಯೊಳಗೆ ಎರಡು ಬೆರಳು ತೂರಿಸಿ, ಗೋಲಿಯಷ್ಟು ದಪ್ಪದ ಹಳದಿ ಮೊಟ್ಟೆಯೊಂದನ್ನು ತೆಗೆದು ನನ್ನ ಅಂಗೈಯಲ್ಲಿಟ್ಟರು. ತಣ್ಣಗಿತ್ತು, ಮೆತ್ತಗಿತ್ತು. ಬೆಳಕಿಗೆ ಹಿಡಿದರೆ ಒಳಗೊಂದು ಕಪ್ಪು ಚುಕ್ಕೆ. ಮರಿಯ ಕಣ್ಣು.

“ಇದು ಗಂಡು ಮೀನು, ತಮಾ,” ಎಂದರು ಅಜ್ಜಿ.

ಮೊಟ್ಟೆ ಇದ್ದ ಮೇಲೆ ಹೆಣ್ಣೇ ಅಲ್ಲವೇ ಎಂದು ನಾನು ಮುಖ ಮುಖ ನೋಡಿದೆ. ಪಕ್ಕದಲ್ಲಿದ್ದ ಅಕ್ಕನ ಮಗಳು ನಕ್ಕಳು. ಅವಳು ಕೋಡಿಬಾಗದಲ್ಲಿರುವ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗದ ವಿದ್ಯಾರ್ಥಿನಿ. ಅವಳನ್ನು ನೋಡಲೆಂದೇ ನಾನು ಧಾರವಾಡದಿಂದ ಯಲ್ಲಾಪುರದ ಕಾಡು ದಾಟಿ, ಅರಬೈಲ್ ಘಟ್ಟ ಇಳಿದು ಬಂದಿದ್ದೆ.

“ಅಜ್ಜಿ ಹೇಳೂದು ಖರೇ ಐತಿ ಮಾಮಾ. ಹೆಣ್ಣು ಮೊಟ್ಟೆ ಇಟ್ಟು ಹೋಗಿಬಿಡತೈತಿ. ಅದನ್ನ ಬಾಯಾಗ ಇಟ್ಕೊಂಡು ಮರಿ ಮಾಡಾಂವ ಅಪ್ಪ. ಅಲ್ಲೀತನಕ ಅವನಿಗೆ ಊಟಿಲ್ಲ.”

ಅಜ್ಜಿ ಮೀನಿನ ಹೊಟ್ಟೆ ಸೀಳಿ ತೋರಿಸಿದರು. ಜಠರ ಒಣಗಿದ ಬಾಳೆನಾರಿನಂತೆ ಸೊರಗಿ ಹೋಗಿತ್ತು. ಒಂದು ಕಾಳಿನಷ್ಟೂ ಆಹಾರವಿಲ್ಲ. ಬಾಯಿ ತುಂಬ ಮಕ್ಕಳು, ಹೊಟ್ಟೆ ಖಾಲಿ. ಒಂದೆರಡು ತಿಂಗಳು ಹೀಗೇ ನಡೆಯುತ್ತದಂತೆ. ಕಡಲಿನ ತುಂಬ ಸೀಗಡಿ, ಹುಳು, ಸಣ್ಣ ಮೀನು ಹರಿದಾಡುತ್ತಿದ್ದರೂ ಇವನು ಬಾಯಿ ಹಾಕುವುದಿಲ್ಲ, ನುಂಗುವುದಿಲ್ಲ. ನೀರನ್ನಷ್ಟೇ ಎಳೆದು ಬಿಟ್ಟು ಮೊಟ್ಟೆಗಳಿಗೆ ಉಸಿರು ಕೊಡುತ್ತಿರುತ್ತಾನೆ. ಏಕಾದಶಿ, ಶಿವರಾತ್ರಿಯ ಉಪವಾಸಗಳ ನಡುವೆ ಬೆಳೆದವನು ನಾನು. ಇಂಥ ಕಟ್ಟುನಿಟ್ಟಿನ ವ್ರತ ಕಂಡಿರಲಿಲ್ಲ.

“ಮುಂಚೆ ಒಂದೊಂದು ಬಲೆಗೆ ರಾಶಿ ರಾಶಿ ಬರ್ತಿದ್ದೋ,” ಎಂದರು ಅಜ್ಜಿ. ಅದು ನಿಜವಾದ ಚರಿತ್ರೆ. 1970ರ ದಶಕದ ನಡುಭಾಗದಲ್ಲಿ ಕರ್ನಾಟಕದ ಕರಾವಳಿಗೆ ಪರ್ಸೀನ್ ಬಲೆ ಬಂತು. ಗುಂಪುಗೂಡಿ ತೇಲುವ ಶೇಡೆಗಳನ್ನು ಅದು ಇಡಿಯಾಗಿ ಸುತ್ತಿ ಎತ್ತಿತು. ಅವುಗಳಲ್ಲಿ ಬಾಯಲ್ಲಿ ಮೊಟ್ಟೆ ಹೊತ್ತ ಗಂಡುಗಳೂ ಇದ್ದವು. ದಡದ ಮೇಲೆ ಬಾಯಿ ಬಿಟ್ಟಾಗ ಮೊಟ್ಟೆಗಳು ಮರಳಿಗೆ ಉರುಳಿದವು. ಒಂದು ಸಲಕ್ಕೆ ಹಲವು ನೂರು ಅಥವಾ ಸಾವಿರ ಮೊಟ್ಟೆ ಇಡುವ ಮೀನಲ್ಲ ಇದು. ಕೆಲವೇ ಹತ್ತುಗಳ ಲೆಕ್ಕ. ಅಪ್ಪ ಹೋದರೆ ಅಷ್ಟೂ ಹೋದಂತೆ.

ಪೇಟೆಯಿಂದ ಹೊರಬಂದ ಮೇಲೂ ಆ ಸೊರಗಿದ ಜಠರವೇ ನನ್ನ ಕಣ್ಣಲ್ಲಿತ್ತು. ಉಣ್ಣದೆ ಹೇಗೆ ಬದುಕುತ್ತಾನೆ ಎಂದು ಕೇಳಿದೆ. ಕೋಡಿಬಾಗದ ದಾರಿಯುದ್ದಕ್ಕೂ ಅವಳು ಹೇಳುತ್ತ ಬಂದಳು, ನಾನು ಕೇಳುತ್ತ ಬಂದೆ.

ಮೀನಿನ ಮೈ ಮೊದಲು ಪಿತ್ತಜನಕಾಂಗದಲ್ಲಿ ಕೂಡಿಟ್ಟ ಗ್ಲೈಕೋಜನ್ ಖರ್ಚು ಮಾಡುತ್ತದೆ. ಅದು ಕೈಗಡದಂತೆ, ಬೇಗ ತೀರುತ್ತದೆ. ಆಮೇಲೆ ಕೊಬ್ಬಿಗೆ ಕೈ ಹಾಕುತ್ತದೆ. ಕೊಬ್ಬೂ ಮುಗಿಯುತ್ತ ಬಂದಾಗ ಸ್ವಂತ ಸ್ನಾಯುವನ್ನೇ ಕರಗಿಸಿಕೊಂಡು ಉಣ್ಣುತ್ತದೆ. ನನಗೆ ಮೈ ಜುಮ್ಮೆಂದದ್ದು ಇನ್ನೊಂದು ಮಾತಿಗೆ: ಉಪವಾಸದಲ್ಲಿ ಮೀನಿನ ರಕ್ತದಲ್ಲಿ ಬೆಳವಣಿಗೆಯ ಹಾರ್ಮೋನು ಕಡಿಮೆಯಾಗುವುದಿಲ್ಲ, ಏರುತ್ತದೆ! ಆದರೆ ಅದರ ಮಾತು ಕೇಳಿ ಮೈ ಬೆಳೆಸಬೇಕಾದ ಪಿತ್ತಜನಕಾಂಗ ಆಗ ಕಿವಿ ಮುಚ್ಚಿಕೊಂಡಿರುತ್ತದೆ. ಹಾಗಾಗಿ ಆ ಹಾರ್ಮೋನು ಬೆಳೆಸುವ ಕೆಲಸ ಬಿಟ್ಟು ಕೊಬ್ಬು ಕರಗಿಸುವ ಕೆಲಸಕ್ಕೆ ನಿಲ್ಲುತ್ತದೆ. ಒಬ್ಬನೇ ಆಳು, ಸುಗ್ಗಿಯಲ್ಲಿ ಒಂದು ಕೆಲಸ, ಬರಗಾಲದಲ್ಲಿ ಇನ್ನೊಂದು.

“ಆ ಕೊಬ್ಬಿನಾಗ ಬರೇ ಕೊಬ್ಬು ಇರೂದಿಲ್ಲ ಮಾಮಾ,” ಎಂದಳು.

ನನ್ನ ಬಾಲ್ಯ ನೆನಪಾಯಿತು. ಮಲೇರಿಯಾ ಇಲಾಖೆಯವರು ಮನೆ ಮನೆಗೆ ಬಂದು ಗೋಡೆಗೆ ಡಿಡಿಟಿ ಹೊಡೆದು, ಬಾಗಿಲ ಮೇಲೆ ತಾರೀಖು ಬರೆದು ಹೋಗುತ್ತಿದ್ದರು. ಬಿಳಿ ಪುಡಿಯ ಆ ವಾಸನೆ ವಾರಗಟ್ಟಲೆ ಇರುತ್ತಿತ್ತು. 1953ರಲ್ಲಿ ದೇಶದಲ್ಲಿ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾದಾಗ ಡಿಡಿಟಿ ಲಕ್ಷಗಟ್ಟಲೆ ಜೀವ ಉಳಿಸಿತು, ಅದನ್ನು ಮರೆಯಬಾರದು. ಬೇಸಾಯಕ್ಕೆ ಅದನ್ನು ಬಳಸುವುದನ್ನು 1989ರಲ್ಲಿ ನಿಷೇಧಿಸಿದರು. ಆದರೆ ಅದು ನೀರಿನಲ್ಲಿ ಕರಗುವುದಿಲ್ಲ, ಕೊಬ್ಬಿನಲ್ಲಿ ಕರಗುತ್ತದೆ. ಪಾಚಿಯಿಂದ ಸೀಗಡಿಗೆ, ಸೀಗಡಿಯಿಂದ ಮೀನಿಗೆ ಏರುತ್ತ ಕೊಬ್ಬಿನಲ್ಲಿ ಕೂತುಬಿಡುತ್ತದೆ. ಮೀನು ಉಂಡುಟ್ಟು ಸುಖವಾಗಿರುವ ತನಕ ಅದು ಮಲಗಿರುತ್ತದೆ. ಹಸಿವು ಬಂದು ಕೊಬ್ಬು ಕರಗಿದಾಗ ಎದ್ದು ರಕ್ತಕ್ಕೆ ಇಳಿಯುತ್ತದೆ. ಅದರ ಒಂದು ರೂಪ ಹೆಣ್ಣಿನ ಹಾರ್ಮೋನಿನಂತೆ ನಟಿಸುತ್ತದೆ, ಇನ್ನೊಂದು ಗಂಡಿನ ಹಾರ್ಮೋನಿನ ದಾರಿಗೆ ಅಡ್ಡ ನಿಲ್ಲುತ್ತದೆ. ವಿಷ, ಹಾರ್ಮೋನು, ಹಸಿವು ಮೂರು ಬೇರೆ ಬೇರೆ ಪಾಠಗಳೆಂದು ನಾನು ಶಾಲೆಯಲ್ಲಿ ಓದಿದ್ದೆ. ಆ ಶೇಡೆಯಂಥ ಉಪವಾಸಿಯ ಮೈಯಲ್ಲಿ ಮೂರೂ ಒಂದೇ ಕಥೆ. ತಂದೆತನ ಮಾಡುವ ಹೊತ್ತಿಗೇ ಹಳೆಯ ವಿಷ ಎಚ್ಚರಗೊಳ್ಳಬಹುದು ಎಂಬ ಮಾತು ಕೇಳಿ, ಅಂಗೈಯಲ್ಲಿದ್ದ ಆ ಮೊಟ್ಟೆ ಮತ್ತೆ ಭಾರವಾದಂತಾಯಿತು.

ಕೋಡಿಬಾಗದಲ್ಲಿ ಕಾಳಿ ಕಡಲಿಗೆ ಸೇರುತ್ತಾಳೆ. ಆಚೆ ದಡದಲ್ಲಿ ಸದಾಶಿವಗಡದ ಗುಡ್ಡ. ಮಳೆಗಾಲ ಮುಗಿಯುತ್ತಿತ್ತು, ನದಿ ಕೆಂಪು ಕಳೆದುಕೊಂಡು ಹಸಿರಾಗುತ್ತಿತ್ತು. ಮೇಲ್ನೀರಲ್ಲಿ ಮಡ್ಲೆ ಮೀನುಗಳು ಬೆಳ್ಳಿಯ ತುಂಡುಗಳಂತೆ ಹಾರಿ ಬೀಳುತ್ತಿದ್ದವು. ಕೊಂಕಣಿಯವರು ಇವಕ್ಕೆ ಶೆವ್ಟೊ ಎನ್ನುತ್ತಾರೆ. ಬೆಳಿಗ್ಗೆ ಉಪ್ಪು ನೀರು, ಸಂಜೆ ಸಿಹಿ ನೀರು, ಎರಡರಲ್ಲೂ ಇದು ಹೇಗೆ ಬಾಳುತ್ತದೆ?

ಕಡಲ ನೀರಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ಮೀನಿನ ರಕ್ತದಲ್ಲಿ ಅದರ ಮೂರನೇ ಒಂದು ಪಾಲು. ಕಡಲಲ್ಲಿರುವಾಗ ನೀರು ಮೈಯಿಂದ ಹೊರಗೆ ಸೋರುತ್ತದೆ. ಮೀನು ಉಪ್ಪು ನೀರು ಕುಡಿದು, ಉಪ್ಪನ್ನು ಕಿವಿರಿನಿಂದ ಹೊರದೂಡುತ್ತದೆ. ನದಿಗೆ ಬಂದರೆ ನೀರು ಒಳಗೆ ನುಗ್ಗುತ್ತದೆ. ಆಗ ಕುಡಿಯುವುದನ್ನು ನಿಲ್ಲಿಸಿ, ಕಿವಿರಿನಿಂದ ಉಪ್ಪನ್ನು ಒಳಗೆಳೆದುಕೊಳ್ಳಬೇಕು. ಒಂದೇ ಬಾಗಿಲು, ತಿರುವುಮುರುವು ಸಂಚಾರ. ಈ ತಿರುವು ಮಾಡಿಸುವ ಹಾರ್ಮೋನುಗಳಲ್ಲಿ ಮುಖ್ಯವಾದದ್ದು ಪ್ರೊಲ್ಯಾಕ್ಟಿನ್. 1959ರಲ್ಲಿ ಅಮೆರಿಕದಲ್ಲಿ ಗ್ರೇಸ್ ಪಿಕ್‌ಫರ್ಡ್ ಮತ್ತು ಜೆ. ಜಿ. ಫಿಲಿಪ್ಸ್, ಪಿಟ್ಯೂಟರಿ ಗ್ರಂಥಿ ತೆಗೆದ ಮೀನು ಸಿಹಿ ನೀರಲ್ಲಿ ಸಾಯುತ್ತದೆ, ಪ್ರೊಲ್ಯಾಕ್ಟಿನ್ ಕೊಟ್ಟರೆ ಬದುಕುತ್ತದೆ ಎಂದು ತೋರಿಸಿದರು. ಬಾಣಂತಿಯ ಎದೆಯಲ್ಲಿ ಹಾಲು ತರಿಸುವ ಹಾರ್ಮೋನೂ ಇದೇ! ಕಾಳಿಯ ಮಡ್ಲೆಯನ್ನು ಸಿಹಿ ನೀರಲ್ಲಿ ಕಾಯುವುದೂ, ನನ್ನಕ್ಕ ಈ ಹುಡುಗಿಗೆ ಹಾಲೂಡಿಸಿದ್ದೂ ಒಂದೇ ಅಣುವಿನ ಮನೆತನದಿಂದ. ನಾನು ನದಿಯನ್ನು ನೋಡಿದೆ, ಅವಳನ್ನು ನೋಡಿದೆ, ಮಾತು ಬರಲಿಲ್ಲ.

ಕಿವಿರು ಅಷ್ಟು ತೆಳುವಾದದ್ದು ಎಂಬುದೇ ಅದರ ಕಷ್ಟವೂ ಹೌದು. ತಾಮ್ರದಂಥ ಲೋಹ ನೀರಿಗೆ ಬಂದರೆ ಉಪ್ಪು ಎಳೆಯುವ ಆ ಸಣ್ಣ ಪಂಪುಗಳನ್ನೇ ಹಿಡಿದು ನಿಲ್ಲಿಸುತ್ತದೆ. ಮೀನು ನೋಡಲು ನೆಟ್ಟಗೇ ಇರುತ್ತದೆ, ಒಳಗೆ ಉಪ್ಪು ಸೋರುತ್ತಿರುತ್ತದೆ.

ಬೈತಖೋಲ ಬಂದರಿನಲ್ಲಿ ದೋಣಿಗಳ ತಳಕ್ಕೆ ಬಣ್ಣ ಹಚ್ಚುತ್ತಿದ್ದರು. ಕಡಲ ಜೀವಿಗಳು ತಳಕ್ಕೆ ಮೆತ್ತದಿರಲೆಂದು ಹಚ್ಚುವ ಬಣ್ಣ. ಈಗಿನ ಇಂಥ ಬಣ್ಣಗಳಲ್ಲಿ ಹೆಚ್ಚಾಗಿ ತಾಮ್ರ. ಹಿಂದೆ ಟ್ರೈಬ್ಯುಟೈಲ್ ಟಿನ್ ಎಂಬ ತವರದ ಸಂಯುಕ್ತ ಇರುತ್ತಿತ್ತು. ಆ ತವರದ ಕಥೆ ನಾನು ಕೇಳಿದ ಕಥೆಗಳಲ್ಲೆಲ್ಲ ವಿಚಿತ್ರವಾದದ್ದು. ಇಂಗ್ಲೆಂಡಿನ ಪ್ಲಿಮತ್ ತೀರದಲ್ಲಿ ಹೆಣ್ಣು ಕಡಲ ಬಸವನಹುಳುಗಳಿಗೆ ಗಂಡಿನ ಅಂಗ ಬೆಳೆದದ್ದನ್ನು 1970ರಲ್ಲಿ ವರದಿ ಮಾಡಿದರು. ಕಾರಣ ತಿಳಿಯಲು ವರ್ಷಗಳೇ ಹಿಡಿದವು: ಬಂದರಿನ ಬಣ್ಣ. ನೂರು ಕೋಟಿ ಲೀಟರ್ ನೀರಿಗೆ ಒಂದು ಗ್ರಾಂ ತವರ ಸಾಕು, ಹಾರ್ಮೋನಿನ ಬೀಗಕ್ಕೆ ಅದು ಕಳ್ಳಕೀಲಿಯಂತೆ ಕೂರುತ್ತದೆ. ವಿಪರೀತವಾದರೆ ಹೆಣ್ಣಿನ ಮೊಟ್ಟೆಯ ದಾರಿಯೇ ಮುಚ್ಚಿ, ಹೆರಲಾಗದೆ ಸಾಯುತ್ತದೆ. ನಮ್ಮ ನೆರೆಯ ಗೋವಾದಲ್ಲೂ ಇಂಥದ್ದನ್ನು ಕಂಡರು. ಕ್ರೋನಿಯಾ ಕೊಂಕಣೆನ್ಸಿಸ್ ಎಂಬ ಶಂಖದ ಹುಳುವಿನ ಬಗ್ಗೆ 1999ರಲ್ಲಿ ವರದಿ ಬಂತು. ಕೊಂಕಣದ ಹೆಸರನ್ನೇ ಹೊತ್ತ ಹುಳು! ಆ ಬಣ್ಣವನ್ನು ಹಡಗುಗಳಿಂದ ತೊಲಗಿಸುವ ಅಂತರರಾಷ್ಟ್ರೀಯ ಒಪ್ಪಂದ 2001ರಲ್ಲಾಗಿ, 2008ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂತು.

ಲಿಂಗ ಬದಲಾಗುವುದು ಕಡಲಿಗೆ ಹೊಸದಲ್ಲ ಎಂಬುದನ್ನೂ ಹೇಳಬೇಕು. ಕಾರವಾರದಲ್ಲಿ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಪಂಜರದಲ್ಲಿ ಸಾಕುವ ಸೀಬಾಸ್ ಮೀನು ಗಂಡಾಗಿ ಬಾಳು ಶುರುಮಾಡಿ, ದೊಡ್ಡದಾದ ಮೇಲೆ ಹೆಣ್ಣಾಗುತ್ತದೆ. ಅದು ಅದರ ಮೈಯ ಪಂಚಾಂಗ. ಬಸವನಹುಳುವಿನ ಪಂಚಾಂಗವನ್ನು ಬರೆದದ್ದು ಬೇರೆಯವರು. ಕೆನಡಾದಲ್ಲಿ 2001ರಿಂದ 2003ರವರೆಗೆ ಒಂದು ಇಡೀ ಕೆರೆಗೆ ಗರ್ಭನಿರೋಧಕ ಮಾತ್ರೆಯ ಈಸ್ಟ್ರೋಜನ್ನನ್ನು ತೀರ ಸಣ್ಣ ಪ್ರಮಾಣದಲ್ಲಿ ಬೆರೆಸಿ ನೋಡಿದರು. ಗಂಡು ಮೀನುಗಳ ರಕ್ತದಲ್ಲಿ, ಹೆಣ್ಣು ಮಾತ್ರ ಮಾಡಬೇಕಾದ ಮೊಟ್ಟೆಯ ಹಳದಿಯ ಪ್ರೋಟೀನು ತುಂಬಿಕೊಂಡಿತು. ಕೆಲವೇ ವರ್ಷಗಳಲ್ಲಿ ಅಲ್ಲಿಯ ಫ್ಯಾಟ್‌ಹೆಡ್ ಮಿನ್ನೋ ಎಂಬ ಸಣ್ಣ ಮೀನು ಹೆಚ್ಚುಕಡಿಮೆ ಕಾಣೆಯಾಯಿತು.

ಬಂದರಿನಿಂದ ದೇವಗಡದ ದೀಪಸ್ತಂಭ ಕಾಣುತ್ತಿತ್ತು. ಅದರ ಹತ್ತಿರವೇ 2006ರ ಮೇ 30ರಂದು ಓಷನ್ ಸೆರಾಯಾ ಎಂಬ ಹಡಗು ಬಂಡೆಗೆ ಸಿಕ್ಕಿ, ಅದರ ಎಣ್ಣೆ ದಕ್ಷಿಣ ಗೋವಾದ ತೀರದವರೆಗೆ ಹರಿದಿತ್ತು. ಮಳೆಗಾಲದ ಹೊಸ್ತಿಲು, ತಾರ್ಲೆ ಮೀನು ಮೊಟ್ಟೆ ಇಡಲು ಸಿದ್ಧವಾಗುವ ಕಾಲ. ಎಣ್ಣೆ ಹಕ್ಕಿಗಳ ರೆಕ್ಕೆಪುಕ್ಕಕ್ಕೆ ಮೆತ್ತುವುದಷ್ಟೇ ಅಪಾಯ ಎಂದುಕೊಂಡಿದ್ದೆ. 1989ರಲ್ಲಿ ಅಲಾಸ್ಕದಲ್ಲಿ ಎಣ್ಣೆ ಚೆಲ್ಲಿದ ಮೇಲೆ ನಡೆದ ಅಧ್ಯಯನಗಳು ಬೇರೆಯದನ್ನೇ ಕಂಡವು: ಕಣ್ಣಿಗೆ ಕಾಣದಷ್ಟು ಕರಗಿದ ಎಣ್ಣೆಯೂ ಮೊಟ್ಟೆಯೊಳಗಿನ ಮರಿಯ ಹೃದಯವನ್ನು ಅಡ್ಡಾದಿಡ್ಡಿ ಕಟ್ಟುತ್ತದೆ. ಟ್ಯೂನಾ ಮೀನಿನ ಹೃದಯಕೋಶಗಳ ಲಯವನ್ನು ಎಣ್ಣೆ ಹೇಗೆ ಕೆಡಿಸುತ್ತದೆ ಎಂಬುದನ್ನು 2014ರಲ್ಲಿ ಪ್ರಕಟಿಸಿದರು. ಗೋಲಿಯಂಥ ಮೊಟ್ಟೆಯಲ್ಲಿ ಕಂಡ ಆ ಕಣ್ಣು ಮತ್ತೆ ನನ್ನನ್ನು ನೋಡಿತು.

ಮರುದಿನ ಅಂಕೋಲೆ. ಬಿಣಗಾ, ಅರಗಾ, ಅಮದಳ್ಳಿ, ಅವರ್ಸಾ ಕಳೆದು ಬೇಲೆಕೇರಿಗೆ ಇಳಿದೆವು. ಹಿನ್ನೀರಿನ ಕಾಂಡ್ಲದ ಬೇರುಗಳ ನಡುವೆ ಒಬ್ಬರು ಏಡಿ ಹಿಡಿದು ದಾರದಲ್ಲಿ ಕಟ್ಟುತ್ತಿದ್ದರು. ಒಂದನ್ನು ಎತ್ತಿ ಕೈಯಲ್ಲಿ ತೂಗಿ, “ಇದು ಪೊಳ್ಳು, ಬಿಡ್ತೆ,” ಎಂದು ನೀರಿಗೆ ಎಸೆದರು. ಬೆಳುದಿಂಗಳ ಏಡಿ ಪೊಳ್ಳು, ಅಮಾವಾಸ್ಯೆಯದು ಗಟ್ಟಿ ಎಂಬುದು ಇಲ್ಲಿಯ ನಂಬಿಕೆ. ಪೊರೆ ಕಳಚಿದ ಏಡಿ ನೀರು ಕುಡಿದು ಮೈ ಉಬ್ಬಿಸಿಕೊಂಡು ಹೊಸ ಚಿಪ್ಪು ಕಟ್ಟುತ್ತದೆ. ಒಳಗೆ ಮಾಂಸ ತುಂಬಲು ದಿನಗಳು ಬೇಕು. ಕಳಚುವ ಮುನ್ನವೂ ಆಮೇಲೂ ಅದು ಉಣ್ಣುವುದಿಲ್ಲ. ಇಲ್ಲೂ ಉಪವಾಸ.

ಇದರ ಕೀಲಿ ಏಡಿಯ ಕಣ್ಣಿನ ಕಾಂಡದಲ್ಲಿದೆ. ಅಲ್ಲಿರುವ ಗ್ರಂಥಿ “ಈಗ ಬೇಡ, ಈಗ ಬೇಡ” ಎಂದು ಹಾರ್ಮೋನು ಕಳಿಸುತ್ತಲೇ ಇರುತ್ತದೆ. ಮೊಟ್ಟೆ ಬಲಿಯದಂತೆ ತಡೆಯುವುದೂ ಅಲ್ಲಿಂದಲೇ. 1943ರಲ್ಲಿ ಫ್ರಾನ್ಸಿನ ಪಾನೂಸ್ ಸೀಗಡಿಯ ಕಣ್ಕಾಂಡ ಕತ್ತರಿಸಿದಾಗ ಅಂಡಾಶಯ ಹೊತ್ತಿಲ್ಲದ ಹೊತ್ತಿನಲ್ಲಿ ಬಲಿತದ್ದನ್ನು ಕಂಡರು. ಸೀಗಡಿ ಮರಿ ಮಾಡುವ ಕೇಂದ್ರಗಳು ಆ ಕ್ರಮವನ್ನೇ ಹಿಡಿದವು. ತಡೆಯುವ ಮಾತು ನಿಂತೊಡನೆ ಎಕ್ಡೈಸೋನ್ ಬಳಗದ ಹಾರ್ಮೋನು ಏರಿ ಏಡಿ ಪೊರೆ ಕಳಚುತ್ತದೆ. ಎಕ್ಡೈಸೋನನ್ನು 1954ರಲ್ಲಿ ಮೊದಲು ಬೇರ್ಪಡಿಸಿದ್ದು ರೇಷ್ಮೆಹುಳುವಿನ ಕೋಶಗಳಿಂದ. ನಮ್ಮ ರೇಷ್ಮೆ ರೈತರು ಹುಳು ತಿನ್ನುವುದನ್ನು ಬಿಟ್ಟು ಪೊರೆ ಕಳಚಲು ಕೂತಾಗ “ಜ್ವರಕ್ಕೆ ಕೂತಿದೆ” ಎನ್ನುತ್ತಾರಲ್ಲ, ಬೇಲೆಕೇರಿಯ ಏಡಿಗೂ ಅದೇ ಜ್ವರ! ಹಾಗಾಗಿಯೇ ಹೊಲದ ಹುಳುವಿಗೆ ಹೊಸ ಪೊರೆ ಕಟ್ಟದಂತೆ ಮಾಡುವ ಡೈಫ್ಲುಬೆಂಜುರಾನ್‌ನಂಥ ಔಷಧ ಹಳ್ಳ ಸೇರಿದರೆ ಏಡಿ, ಸೀಗಡಿಗಳನ್ನೂ ಬಿಡುವುದಿಲ್ಲ. ಹುಳು ಬೇರೆ, ಏಡಿ ಬೇರೆ ಎಂದು ಔಷಧಕ್ಕೆ ಗೊತ್ತಾಗುವುದು ಹೇಗೆ?

ಸಂಜೆ ಮಂಜಗುಣಿಯಲ್ಲಿ ಗಂಗಾವಳಿಯ ಇಳಿತ. ಹೆಂಗಸರು ಸೊಂಟದ ತನಕ ನೀರಲ್ಲಿ ನಿಂತು, ಕಾಲ್ಬೆರಳಿನಿಂದ ಕೆಸರು ತಡವಿ ಬಳಚು ಎಂಬ ಚಿಪ್ಪುಜೀವಿಯನ್ನು ಎತ್ತುತ್ತಿದ್ದರು. ಮಳೆಗಾಲದಲ್ಲಿ ಗಂಗಾವಳಿ ಸಿಹಿಯಾದಾಗ ಬಳಚು ಚಿಪ್ಪು ಬಿಗಿದು ಕೂರುತ್ತದೆ. ಉಸಿರಿಲ್ಲ, ಊಟವಿಲ್ಲ. ಗ್ಲೈಕೋಜನನ್ನು ಗಾಳಿಯಿಲ್ಲದೆಯೇ ನಿಧಾನ ಉರಿಸುತ್ತ ದಿನ ದೂಡುತ್ತದೆ. ನೀರಿಗೆ ವಿಷ ಬಂದರೂ ಹೀಗೇ ಮುಚ್ಚಿಕೊಳ್ಳುತ್ತದೆ. ಆದರೆ ಎಷ್ಟು ದಿನ? ಬಾಗಿಲು ತೆರೆಯದಿದ್ದರೆ ಹಸಿವು, ತೆರೆದರೆ ವಿಷ. ಆ ಲೆಕ್ಕವನ್ನು ಮಿದುಳೇ ಇಲ್ಲದ ಪ್ರಾಣಿ ಮಾಡುತ್ತದೆ.

ಒಬ್ಬಾಕೆಯಿಂದ ಒಂದು ಪಾಲು ಬಳಚು ಕೊಂಡು, ಮರಳು ಬಿಡಲೆಂದು ರಾತ್ರಿ ಕಡಲ ನೀರು ತುಂಬಿದ ಬೋಗುಣಿಯಲ್ಲಿಟ್ಟೆವು. ನಡುರಾತ್ರಿ ಎಚ್ಚರವಾಗಿ ಅಡಿಗೆಮನೆಗೆ ಹೋದೆ. ಕತ್ತಲಲ್ಲಿ ಸಣ್ಣಗೆ ಟಿಕ್, ಟಿಕ್ ಸದ್ದು. ಮೊಬೈಲಿನ ಬೆಳಕು ಹಿಡಿದೆ: ಎಲ್ಲ ಚಿಪ್ಪುಗಳೂ ಕೂದಲೆಳೆಯಷ್ಟು ತೆರೆದಿದ್ದವು, ಪ್ರತಿಯೊಂದರಿಂದಲೂ ಎರಡು ಪುಟ್ಟ ನಳಿಗೆಗಳು ಹೊರಚಾಚಿ ನೀರನ್ನು ಎಳೆದು ಬಿಡುತ್ತಿದ್ದವು. ಬೆಳಕು ಬಿದ್ದೊಡನೆ ಒಂದು ಮುಚ್ಚಿಕೊಂಡಿತು, ಆಮೇಲೆ ಇನ್ನೊಂದು. ನಾನು ಬೆಳಕು ಆರಿಸಿ, ಅವು ಮತ್ತೆ ತೆರೆಯುವ ಸದ್ದಿಗಾಗಿ ನೆಲದ ಮೇಲೆ ಕೂತೆ.