ಲಾಲ್‌ಬಾಗಿನ ಬಂಡೆಯೂ ಮರಳುಮರಳು ತುಪ್ಪವೂ

ಬೆಂಗಳೂರಿಗೆ ಹೋದರೆ ಲಾಲ್‌ಬಾಗ್ ನೋಡದೆ ಬರುತ್ತೀರಾ? ಗಾಜಿನ ಮನೆ, ಹೂವು, ಕೊನೆಗೆ ಕೆಂಪೇಗೌಡರ ಗೋಪುರವಿರುವ ಬಂಡೆ ಹತ್ತಿ ಉಸ್ಸೆಂದು ಕೂರುವುದು. ನಾನೂ ಎಷ್ಟೋ ಸಲ ಹಾಗೆ ಕೂತವಳೇ. ಆದರೆ ಆ ಬಂಡೆಯನ್ನೇ ನೋಡಿರಲಿಲ್ಲ!

ಈ ಸಲ ಮಗಳ ಜೊತೆ ಹೋಗಿದ್ದೆ. ಪಿಯುಸಿ ಮುಗಿಸಿದ ಅವಳಿಗೆ ಭೂವಿಜ್ಞಾನ ಓದುವ ಹಟ. "ಹೆಣ್ಣುಹುಡುಗಿ ಕಲ್ಲು ಒಡೆಯೋಕೆ ಹೋಗ್ತಾಳಾ?" ಎಂದು ಮನೆಯಲ್ಲಿ ಎಲ್ಲರದೂ ಒಂದೇ ರಾಗ. ಹೈಸ್ಕೂಲಿಗೇ ಓದು ನಿಲ್ಲಿಸಿದ ನಾನೂ ಹೂಂಗುಟ್ಟಿದ್ದೆ. ಅರ್ಜಿ ಹಾಕಲು ಇನ್ನು ಎರಡೇ ದಿನ ಉಳಿದಿತ್ತು.

ಆ ಬಂಡೆಯ ವಯಸ್ಸು ಸುಮಾರು 300 ಕೋಟಿ ವರ್ಷ ಕಣ್ರೀ! ಮೈಸೂರು ಭೂವಿಜ್ಞಾನ ಇಲಾಖೆಯ ಸ್ಮೀತ್ ಎಂಬುವರು 1916ರಲ್ಲಿ ಇದಕ್ಕೆ 'ಪೆನಿನ್ಸುಲರ್ ನೈಸ್' ಎಂದು ಹೆಸರಿಟ್ಟರಂತೆ.

"ಇಂಥ ಕಲ್ಲಿನ ತಾಯಿ ಬಸಾಲ್ಟ್ ಅಮ್ಮ. ಲಾವಾ ಆರಿ ಆದ ಕಪ್ಪು ಕಲ್ಲು" ಎಂದಳು ಮಗಳು.

"ಕಪ್ಪು ಕಲ್ಲಿನಿಂದ ಈ ಬೂದು ಕಲ್ಲು ಹೇಗೆ ಬಂತೇ?"

"ಮರಳುಮರಳಾದ ತುಪ್ಪ ಬಿಸಿಲಿಗಿಟ್ಟರೆ ಏನಾಗತ್ತೆ?"

ತಿಳಿ ಮೊದಲು ಕರಗಿ ಮೇಲೆ ನಿಲ್ಲುತ್ತದೆ, ಹರಳು ತಳದಲ್ಲೇ ಉಳಿಯುತ್ತದೆ. ಇಲ್ಲೂ ಅದೇ ಲೆಕ್ಕ. ಭೂಮಿಯೊಳಗೆ ಹತ್ತಾರು ಕಿಲೋಮೀಟರ್ ಆಳದಲ್ಲಿ ಬಸಾಲ್ಟ್ ಕಾದಾಗ ಪೂರ್ತಿ ಕರಗುವುದಿಲ್ಲ. ಬೇಗ ಕರಗುವ ಅಂಶ ಮಾತ್ರ ಮ್ಯಾಗ್ಮಾ, ಅಂದರೆ ಶಿಲಾರಸವಾಗುತ್ತದೆ. ಬಸಾಲ್ಟಿನಲ್ಲಿ ಸಿಲಿಕಾ ನೂರಕ್ಕೆ 50ರಷ್ಟಿದ್ದರೆ, ಈ ರಸದಲ್ಲಿ ಸುಮಾರು 70. ಕಬ್ಬಿಣ, ಮೆಗ್ನೀಸಿಯಂ ಹೆಚ್ಚಿರುವ ಭಾರದ ಹರಳುಗಳು ಕೆಳಗೇ ನಿಲ್ಲುತ್ತವೆ. ಹಗುರವಾದ ರಸ ಮೇಲೇರಿ, ನಿಧಾನವಾಗಿ ಆರಿ, ಗ್ರಾನೈಟ್ ಜಾತಿಯ ಕಲ್ಲಾಗುತ್ತದೆ. ಆಮೇಲೆ ಶಾಖ, ಒತ್ತಡಕ್ಕೆ ಸಿಕ್ಕಿ ಈ ಪಟ್ಟೆಗಳು ಮೂಡಿದವು.

ಇದರಲ್ಲಿ ನೀರಿನ ಗುಟ್ಟೂ ಇದೆ. ಒಣ ಬಸಾಲ್ಟ್ ಕರಗಬೇಕಾದರೆ 1,000 ಡಿಗ್ರಿ ಮೀರಿದ ಶಾಖ ಬೇಕು. ಹರಳುಗಳೊಳಗೆ ನೀರಿನಂಶ ಸೇರಿದ್ದರೆ ಅದಕ್ಕಿಂತ ಎಷ್ಟೋ ಕಡಿಮೆ ಶಾಖಕ್ಕೇ ಕರಗತೊಡಗುತ್ತದೆ. ನೀರಿಲ್ಲದಿದ್ದರೆ ಇಷ್ಟೊಂದು ಗ್ರಾನೈಟ್ ಎಲ್ಲಿಂದ ಬರಬೇಕು, ನಾವು ಮನೆ ಕಟ್ಟಿಕೊಂಡ ಈ ಗಟ್ಟಿ ನೆಲ ಎಲ್ಲಿಂದ ಬರಬೇಕು!

ಇಪ್ಪತ್ತು ವರ್ಷದಿಂದ ತುಪ್ಪ ಕಾಯಿಸುತ್ತಿರುವ ನನಗೆ ಭೂಮಿಯ ಅಡುಗೆ ಅರ್ಥವಾದದ್ದು ಅಂದೇ. ನನ್ನಂಥವಳಿಗೂ ತಿಳಿಯುವ ಹಾಗೆ ಹೇಳಬಲ್ಲ ಹುಡುಗಿಯನ್ನು ಓದಬೇಡ ಅನ್ನಲು ನಾನ್ಯಾರು?

ಮನೆಗೆ ಬಂದು ನಮ್ಮವರಿಗೂ ತುಪ್ಪದ ಕಥೆ ಹೇಳಿದೆ. ಅವರು ನಕ್ಕರು, ಬೇಡವೆನ್ನಲಿಲ್ಲ. ಮರುದಿನ ಅರ್ಜಿಯಲ್ಲಿ ಪೋಷಕರ ಸಹಿ ಇರುವಲ್ಲಿ ನಾನೇ ಸಹಿ ಹಾಕಿದೆ.

ಮುಂದಿನ ಸಲ ಲಾಲ್‌ಬಾಗಿಗೆ ಹೋದಾಗ ಕೂರುವ ಮೊದಲು ಆ ಬಂಡೆಯನ್ನೊಮ್ಮೆ ಮುಟ್ಟಿ ನೋಡಿ. ಮಕ್ಕಳಿಗೂ ತೋರಿಸಿ.