ಟೋರಿ ಪೈನ್‌ಗಳ ಗುಡ್ಡದಲ್ಲಿ

ಕ್ಯಾಲಿಫೋರ್ನಿಯಾದ ಕಡಲು ಎಂದರೆ ಫಳಫಳ ಬಿಸಿಲು ಎಂದು ನಂಬಿ ಜೂನ್‌ನಲ್ಲಿ ಸ್ಯಾನ್ ಡಿಯಾಗೋಗೆ ಬಂದವರಿಗೆ ಬೆಳಗಿನ ಹೊತ್ತು ಸೂರ್ಯನೇ ಸಿಗುವುದಿಲ್ಲ. "ಮಾವ, ಸ್ವೆಟರ್ ಹಾಕ್ಕೊಳ್ಳಿ. ಇದಕ್ಕೆ ಇಲ್ಲಿ ಜೂನ್ ಗ್ಲೂಮ್ ಅಂತಾರೆ, ಮಧ್ಯಾಹ್ನದವರೆಗೂ ಹೀಗೇ" ಎಂದ ಅಕ್ಕನ ಮಗ. ಕಾರು ಡೆಲ್ ಮಾರ್ ಊರು ದಾಟಿ ಹಳೆಯ 101ನೇ ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಹೊರಟಿತ್ತು. ಎಡಕ್ಕೆ ಹಿನ್ನೀರಿನ ಜೌಗು, ಬಲಕ್ಕೆ ಬೂದು ಬಣ್ಣದ ಪೆಸಿಫಿಕ್. ಎದುರಿಗೆ ದಿಢೀರನೆ ಎದ್ದ ಗುಡ್ಡ, ಅದರ ನೆತ್ತಿಯಲ್ಲಿ ಒಂದೇ ಕಡೆಗೆ ವಾಲಿದ ಮರಗಳು. ಬೋಳಾದ ಈ ಕರಾವಳಿಯಲ್ಲಿ ಮರ ಕಾಣುವ ಜಾಗ ಅಪರೂಪ. ಅದಕ್ಕೇ ಹಿಂದಿನ ಸ್ಪ್ಯಾನಿಷ್ ನಾವಿಕರಿಗೆ ಈ ಗುಡ್ಡವೇ ದಾರಿಯ ಗುರುತಾಗಿತ್ತು.

ಇದು ಟೋರಿ ಪೈನ್ಸ್ ರಕ್ಷಿತ ಪ್ರದೇಶ. ಅಮೆರಿಕದ ಅತ್ಯಂತ ಅಪರೂಪದ ಪೈನ್ ಮರ, ಪೈನಸ್ ಟೋರಿಯಾನಾ, ಇಡೀ ಭೂಮಿಯಲ್ಲಿ ಸಹಜವಾಗಿ ಬೆಳೆಯುವುದು ಎರಡೇ ಕಡೆ. ಒಂದು ಈ ಗುಡ್ಡ ಮತ್ತು ಅದರ ಆಸುಪಾಸು. ಇನ್ನೊಂದು ಇಲ್ಲಿಂದ ಸುಮಾರು 280 ಕಿಲೋಮೀಟರ್ ವಾಯವ್ಯಕ್ಕಿರುವ ಸಾಂತಾ ರೋಸಾ ದ್ವೀಪ.

ಗೈ ಫ್ಲೆಮಿಂಗ್ ಹೆಸರಿನ ಕಾಲುದಾರಿಯಲ್ಲಿ ನಡೆದೆವು. ಮೊದಲ ನೋಟಕ್ಕೆ ನಮ್ಮ ಮರವಂತೆ ಕಡೆಯ ಗಾಳಿಮರದ ತೋಪು ಹೊಕ್ಕಂತೆಯೇ ಅನ್ನಿಸಿತು. ಹತ್ತಿರ ಹೋದರೆ ಸಂಬಂಧವೇ ಇಲ್ಲ. ಗಾಳಿಮರದಲ್ಲಿ ಎಲೆಯೆಂದು ನಾವು ನೋಡುವುದು ಗಂಟುಗಂಟಾದ ಹಸಿರು ಕಡ್ಡಿಗಳನ್ನು. ನಿಜವಾದ ಎಲೆ ಆ ಗಂಟುಗಳಲ್ಲಿ ಅಂಟಿಕೊಂಡ ಸಣ್ಣ ಚೂರುಗಳು. ಅದು ಹೂ ಬಿಡುವ ಗಿಡಗಳ ಜಾತಿ. ಇಲ್ಲಿರುವುದು ಹೂವೇ ಇಲ್ಲದ, ಕೋನ್‌ನಲ್ಲಿ ಬೀಜ ಕಟ್ಟುವ ಪೈನ್. ಐದೈದು ಸೂಜಿ ಎಲೆಗಳ ಗೊಂಚಲು, ಒಂದೊಂದು ಎಲೆಯೂ ಸುಮಾರು ಗೇಣುದ್ದ ಇಲ್ಲವೇ ಹೆಚ್ಚು, 20ರಿಂದ 30 ಸೆಂಟಿಮೀಟರ್. ಬೂದು ಲೇಪಿಸಿದಂಥ ಹಸಿರು.

ಈ ಉದ್ದನೆಯ ಎಲೆಗೆ ಇಲ್ಲಿ ಕೆಲಸವಿದೆ. ಸ್ಯಾನ್ ಡಿಯಾಗೋದಲ್ಲಿ ವರ್ಷವಿಡೀ ಬೀಳುವ ಮಳೆ ಸುಮಾರು 10 ಇಂಚು. ಆಷಾಢದಲ್ಲಿ ಉಡುಪಿಯ ಅಂಗಳಕ್ಕೆ ಒಂದು ವಾರದಲ್ಲಿ ಸುರಿಯುವಷ್ಟು. ಅದೂ ಹೆಚ್ಚಾಗಿ ಚಳಿಗಾಲದಲ್ಲಿ. ಬೇಸಿಗೆ ಪೂರ್ತಿ ಒಣ. ಆದರೆ ಉತ್ತರದಿಂದ ಇಳಿದು ಬರುವ ಪ್ರವಾಹದಿಂದ ಇಲ್ಲಿನ ಕಡಲು ತಣ್ಣಗಿರುತ್ತದೆ. ಅದರ ಮೇಲೆ ಹಾದುಬರುವ ತೇವದ ಗಾಳಿ ತಣಿದು ಮೋಡವಾಗಿ, ಮಂಜಾಗಿ ದಡಕ್ಕೆ ತೇಲುತ್ತದೆ. ಸೂಜಿ ಎಲೆಗಳಿಗೆ ತಾಗಿದ ಮಂಜಿನ ಕಣಗಳು ಕೂಡಿ ಹನಿಯಾಗಿ ಬುಡಕ್ಕೆ ತೊಟ್ಟಿಕ್ಕುತ್ತವೆ. ಮಳೆಯೇ ಇಲ್ಲದ ಆ ಬೆಳಿಗ್ಗೆ ಪ್ರತಿ ಮರದ ಕೆಳಗೂ ಮಣ್ಣು ಒದ್ದೆಯಾಗಿತ್ತು, ಎರಡು ಹೆಜ್ಜೆ ಆಚೆ ದೂಳು.

ಕಡಲಿಗೆ ಎದುರಾದ ಅಂಚಿಗೆ ಬಂದಾಗ ಮರಗಳು ಕುಳ್ಳಾದವು. ಉಪ್ಪುಗಾಳಿ ಕಡಲ ಕಡೆಯ ಚಿಗುರನ್ನು ಸುಡುತ್ತದೆ, ಹಿಂಬದಿಯ ಕೊಂಬೆಗಳು ಮಾತ್ರ ಉದ್ದವಾಗುತ್ತವೆ. ಕೆಲವು ನೆಲಕ್ಕೆ ತೆವಳಿಕೊಂಡಿವೆ. ಕೆಳಗೆ ಕೊರಕಲು ಬಿದ್ದ ಬಂಡೆ: ಬುಡದಲ್ಲಿ ಹಸಿರುಗಪ್ಪು ಪದರ, ಅದರ ಮೇಲೆ ಸುಮಾರು 4.8 ಕೋಟಿ ವರ್ಷ ಹಳೆಯ ತಿಳಿಹಳದಿ ಮರಳುಗಲ್ಲು, ನೆತ್ತಿಯಲ್ಲಿ ಕಬ್ಬಿಣದ ತುಕ್ಕಿನಿಂದ ಕೆಂಪಾದ ಕಲ್ಲು. ಕೈಯಲ್ಲಿ ಉಜ್ಜಿದರೆ ಉದುರುವ ಈ ಕಲ್ಲಿನ ಬಿರುಕಿಗೇ ಬೇರು ಇಳಿಸಿ ಇವು ನಿಂತಿವೆ. ಇದೇ ಮರವನ್ನು ಒಳ್ಳೆಯ ಮಣ್ಣು, ನೀರು ಇರುವ ತೋಟದಲ್ಲಿ ನೆಟ್ಟರೆ ನೆಟ್ಟಗೆ 30 ಮೀಟರ್ ಮೀರಿ ಬೆಳೆಯುತ್ತದೆ. ಈ ವಕ್ರ ಅದರ ಹುಟ್ಟುಗುಣವಲ್ಲ, ಜಾಗದ ಗಾಳಿ ತಿದ್ದಿದ್ದು.

ದಾರಿಯಲ್ಲಿ ಮುಷ್ಟಿಗಿಂತ ದೊಡ್ಡ ಕೋನ್ ಒಂದು ಬಿದ್ದಿತ್ತು. ಇದು ಮಾಗಲು ಮೂರನೆಯ ವರ್ಷ ಬರಬೇಕು. ಮಾಗಿದ ಮೇಲೂ ಬೀಜವನ್ನು ಒಮ್ಮೆಲೇ ಚೆಲ್ಲದೆ ವರ್ಷಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ಬಿಡುತ್ತದೆ. ಬೀಜ ಭಾರ, ರೆಕ್ಕೆ ಮೋಟು. ಗಾಳಿಗೆ ಹಾರಿ ದೂರ ಹೋಗುವುದಿಲ್ಲ. ಜೇ ಹಕ್ಕಿಗಳು ಕೊಂಡೊಯ್ದು ಮಣ್ಣಲ್ಲಿ ಹುಗಿದು ಮರೆತವು ಮೊಳೆಯುತ್ತವೆ. ಇಲ್ಲಿನ ಮೂಲನಿವಾಸಿ ಕುಮೆಯಾಯ್ ಜನಕ್ಕೂ ಈ ಬೀಜ ಆಹಾರವಾಗಿತ್ತು. ಈಗ ಕೋನ್ ಎತ್ತುವಂತಿಲ್ಲ, ಗುಡ್ಡದ ಮೇಲೆ ನೀರು ಬಿಟ್ಟು ಬೇರೇನೂ ತಿನ್ನುವ ಕುಡಿಯುವ ಹಾಗಿಲ್ಲ. ಚೀಲದಲ್ಲಿದ್ದ ಚಕ್ಕುಲಿ ಕಾರಿನಲ್ಲೇ ಉಳಿಯಿತು.

1850ರಲ್ಲಿ ಅಮೆರಿಕ–ಮೆಕ್ಸಿಕೋ ಗಡಿ ಸರ್ವೆಗೆ ಬಂದಿದ್ದ ಚಾರ್ಲ್ಸ್ ಪ್ಯಾರಿ ಈ ಮರವನ್ನು ಗುರುತಿಸಿ ಸಸ್ಯವಿಜ್ಞಾನಿ ಜಾನ್ ಟೋರಿಯ ಹೆಸರಿಟ್ಟ. 1883ರಲ್ಲಿ ಮರಳಿ ಬಂದಾಗ ಇವನ್ನು ಕಾಪಾಡಿ ಎಂದು ಊರಿನವರನ್ನು ಒತ್ತಾಯಿಸಿದ. 1899ರಲ್ಲಿ ನಗರಸಭೆ ಒಂದಷ್ಟು ನೆಲವನ್ನು ಉದ್ಯಾನಕ್ಕೆ ಬಿಟ್ಟಿತು. ಆಮೇಲೆ ಎಲೆನ್ ಬ್ರೌನಿಂಗ್ ಸ್ಕ್ರಿಪ್ಸ್ ಎಂಬ ದಾನಿ ಪಕ್ಕದ ಜಮೀನನ್ನು ಕೊಂಡು ಉಳಿಸಿದರು. ಇಂದು ಬೇಲಿಯಾಚೆ ಗಾಲ್ಫ್ ಮೈದಾನ, ಬಂಗಲೆ, ಪ್ರಯೋಗಾಲಯಗಳು ಒತ್ತೊತ್ತಾಗಿ ನಿಂತಿರುವುದನ್ನು ನೋಡಿದರೆ, ಆ ಕೊಳ್ಳುವಿಕೆ ಇಲ್ಲದಿದ್ದರೆ ಏನಾಗುತ್ತಿತ್ತೆಂದು ಯಾರೂ ವಿವರಿಸಬೇಕಿಲ್ಲ.

ಪ್ಯಾರಿಯ ಹೆಸರಿನ ತೋಪಿನಲ್ಲೇ ಸಾವು ಹೆಚ್ಚು ಕಂಡಿತು. 1980ರ ದಶಕದ ಕೊನೆಯಲ್ಲಿ ಬಿರುಗಾಳಿಗೆ ಮರಗಳು ಉರುಳಿದವು, ಬಿದ್ದ ಮರಗಳಲ್ಲಿ ತೊಗಟೆ ಕೊರೆಯುವ ಜೀರುಂಡೆಗಳು ಹೆಚ್ಚಿದವು, ಜೊತೆಗೆ ಬರಗಾಲ. ನೀರುಂಡ ಪೈನ್ ಕೊರೆಯುವ ಹುಳುವನ್ನು ರಾಳ ಸುರಿಸಿ ಹೊರತಳ್ಳುತ್ತದೆ. ಬಾಯಾರಿದ ಮರದಲ್ಲಿ ಸಾಕಷ್ಟು ರಾಳ ಇರುವುದಿಲ್ಲ. ಮಂಜು ಕಡಿಮೆಯಾದರೆ, ಬರ ಉದ್ದವಾದರೆ ಇದೇ ಕಥೆ ಮತ್ತೆ.

ಇದಕ್ಕಿಂತ ಆಳದ ತೊಂದರೆ ಮರದೊಳಗಿದೆ. 1983ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ವಿಜ್ಞಾನಿಗಳು ಈ ಮರದ 59 ವಂಶವಾಹಿ ತಾಣಗಳನ್ನು ಪರಿಶೀಲಿಸಿದ್ದರು. ಗುಡ್ಡದ ಮರಗಳ ನಡುವೆ ಒಂದರಲ್ಲೂ ವ್ಯತ್ಯಾಸ ಸಿಗಲಿಲ್ಲ. ದ್ವೀಪದ ಮರಗಳೂ ತಮ್ಮೊಳಗೆ ಹಾಗೆಯೇ. ಎರಡು ಊರಿನ ಮರಗಳಿಗೆ ಬೇರೆಯಾದದ್ದು ಎರಡೇ ತಾಣ. ಎಲ್ಲವೂ ಒಂದೇ ತೆರನಾದರೆ ಒಂದನ್ನು ಕೊಂದ ರೋಗ ಎಲ್ಲವನ್ನೂ ಕೊಲ್ಲಬಲ್ಲದು. ಎರಡೂ ಕಡೆಯವನ್ನು ಬೆರೆಸಿ ಬೆಳೆಸಿದ ಪ್ರಾಯೋಗಿಕ ತೋಪಿನಲ್ಲಿ ಮಿಶ್ರ ಸಸಿಗಳು ತಂದೆತಾಯಿಗಿಂತ ಎತ್ತರ ಬೆಳೆದವು ಎಂದು ಮುಂದೆ ವರದಿಯಾಯಿತು.

ಕಡಲತೀರಕ್ಕೆ ಇಳಿಯುವ ಮೆಟ್ಟಿಲಲ್ಲಿ ಇದನ್ನು ಹೇಳಿದೆ. "ಹಾಗಾದ್ರೆ ದ್ವೀಪದ ಪರಾಗ ತಂದು ಇಲ್ಲಿ ಹಾಕಿದ್ರಾಯ್ತಲ್ಲ ಮಾವ?" ಎಂದ. ಅಷ್ಟು ಸುಲಭವಿಲ್ಲ ಮಾರಾಯ. ಬೆರೆಸಿದರೆ ಗಟ್ಟಿಯಾದೀತು, ಆದರೆ ಈ ಗುಡ್ಡದ ಮರ, ಆ ದ್ವೀಪದ ಮರ ಎಂಬ ಎರಡು ಬಗೆಗಳು ಮತ್ತೆ ಸಿಗುವುದಿಲ್ಲ. ಬೆರಕೆಯ ಒಳಿತು ಮುಂದಿನ ತಲೆಮಾರುಗಳಲ್ಲೂ ನಿಲ್ಲುತ್ತದೆಂಬ ಖಾತ್ರಿಯೂ ಬೇಕು. ನನ್ನ ಮಟ್ಟಿಗೆ ಸರಿಯಾದ ಕ್ರಮ ಇದು: ಎರಡೂ ಕಡೆಯ ಬೀಜ ಬೇರೆ ಬೇರೆಯಾಗಿ ಕಾಪಿಟ್ಟಿರಬೇಕು, ಬೆರಕೆ ತೋಟದಲ್ಲೇ ಬೆಳೆದು ಪರೀಕ್ಷೆಯಾಗಬೇಕು, ಗುಡ್ಡದ ಮೇಲೆ ಕೈ ಹಾಕುವುದು ಕೊನೆಗೆ. ತೋಟದಲ್ಲಿ ಎತ್ತರದ ಟೋರಿ ಪೈನ್ ಬೆಳೆಸುವುದನ್ನು ಜನ ಆಗಲೇ ಕಲಿತಿದ್ದಾರೆ. ಮಂಜು, ಜೇ ಹಕ್ಕಿ, ಉದುರುವ ಕಲ್ಲು ಎಲ್ಲ ಸೇರಿದ ಈ ಗುಡ್ಡವನ್ನು ಬೆಳೆಸುವ ವಿದ್ಯೆ ಯಾರಿಗೂ ಗೊತ್ತಿಲ್ಲ.