ಪ್ರಸಂಗ ಬೇರೆ, ವೇಷ ಬೇರೆ



ನಿವೃತ್ತಿಯ ಬಳಿಕ ದೇರೆಬೈಲಿನ ಮನೆಯಲ್ಲಿ ಕುಳಿತು ಕಲಿತ ಪಾಠವೊಂದನ್ನು ಇಂದು ನಿಮಗೆ ಒಪ್ಪಿಸುತ್ತಿದ್ದೇನೆ.

ಕಳೆದ ಮಳೆಗಾಲದಲ್ಲಿ ಹಳೆಯ ವಿದ್ಯಾರ್ಥಿಗಳ ವಿಳಾಸ ಸಂಗ್ರಹಿಸಲೆಂದು ಅಂತರಜಾಲದಲ್ಲಿ ತುಂಬುವ ಒಂದು ಫಾರ್ಮನ್ನು ನಾನೇ ರಚಿಸಿದೆ. ಹೆಸರು, ಎಸ್ಸೆಸ್ಸೆಲ್ಸಿ ಮುಗಿಸಿದ ವರ್ಷ, ವಿಳಾಸ, ಪಿನ್‌ಕೋಡ್. ತಪ್ಪು ತುಂಬಿದರೆ ಆ ಚೌಕ ಕೆಂಪಾಗುತ್ತಿತ್ತು. ನೋಡಲು ಅಂದವಾಗಿದೆಯೆಂದು ಬೀಗಿದ್ದೆ.

ವಾರದೊಳಗೆ ದೃಷ್ಟಿಯಿಲ್ಲದ ಶಿಷ್ಯನೊಬ್ಬ ಫೋನ್ ಮಾಡಿದ. "ಸರ್, ಮೂರು ಸಲ ತುಂಬಿದೆ. ಹೋಗುತ್ತಿಲ್ಲ. ಎಲ್ಲಿ ತಪ್ಪಿದೆನೆಂದು ಕಂಪ್ಯೂಟರ್ ಓದಿ ಹೇಳುತ್ತಲೂ ಇಲ್ಲ." ತರಗತಿಯಲ್ಲಿ ಅವನಿಗಾಗಿ ಕರಿಹಲಗೆಯ ಪ್ರತಿಯೊಂದು ಸಾಲನ್ನೂ ಓದಿ ಹೇಳುತ್ತಿದ್ದವನು ನಾನು. ಈಗ ಅವನನ್ನೇ ಬಾಗಿಲ ಹೊರಗೆ ನಿಲ್ಲಿಸಿದ್ದೆ.

ಸರಿಪಡಿಸಲು ಹೊರಟರೆ ಬಣ್ಣ, ನಿಯಮ, ಅಕ್ಷರ ಎಲ್ಲವೂ ಒಂದೇ ಕಡತದಲ್ಲಿ ಸಿಕ್ಕುಗಟ್ಟಿದ್ದವು. ಬಣ್ಣ ಬದಲಿಸಿದರೆ ಪರೀಕ್ಷೆಯೇ ನಿಂತುಹೋಯಿತು. ಕೊನೆಗೆ, ಸಾಫ್ಟ್‌ವೇರ್ ಕ್ಷೇತ್ರದಲ್ಲಿರುವ ಮತ್ತೊಬ್ಬ ಶಿಷ್ಯೆ ಮನೆಗೆ ಬಂದಳು. ನೋಡಿ ನಕ್ಕಳು. "ಸರ್, ಬಯಲಾಟಕ್ಕೂ ತಾಳಮದ್ದಳೆಗೂ ಪ್ರಸಂಗ ಒಂದೇ ಎಂದು ಹೇಳಿಕೊಟ್ಟವರು ನೀವೇ ಅಲ್ಲವೇ?"

ಹೌದು. ಬಯಲಾಟದಲ್ಲಿ ವೇಷವಿದೆ, ಕುಣಿತವಿದೆ. ತಾಳಮದ್ದಳೆಯಲ್ಲಿ ಅವೆರಡೂ ಇಲ್ಲ. ಆದರೂ ಹಾಡುಗಾರಿಕೆ ಮತ್ತು ಅರ್ಥಗಾರಿಕೆಯಿಂದಲೇ ಕಥೆ ಕೇಳುಗನನ್ನು ತಲುಪುತ್ತದೆ. ವೇಷದೊಳಗೇ ಪ್ರಸಂಗವನ್ನು ಹೊಲಿದುಬಿಟ್ಟಿದ್ದರೆ ಇದು ಸಾಧ್ಯವಿತ್ತೇ?

ಅಂತರಜಾಲದಲ್ಲಿಯೂ ಈ ವಿವೇಕ ಹೊಸದಲ್ಲ. ನಾರ್ವೆಯ ಹೋಕನ್ ವಿಯುಮ್ ಲೀ 1994ರಲ್ಲಿ ಪುಟದ ಅಲಂಕಾರವನ್ನು ಪ್ರತ್ಯೇಕವಾಗಿ ಬರೆಯುವ ಸಿಎಸ್‌ಎಸ್ ಪದ್ಧತಿಯನ್ನು ಸೂಚಿಸಿದರು. 1996ರಲ್ಲಿ ಅದು ಮಾನ್ಯತೆ ಪಡೆಯಿತು. 1997ರ ಎಚ್‌ಟಿಎಂಎಲ್ 4ರಲ್ಲಿ ಪ್ರತಿ ಚೌಕಕ್ಕೂ ಅದರ ಹೆಸರನ್ನು ಜೋಡಿಸುವ 'ಲೇಬಲ್' ಬಂತು. ಓದಿ ಹೇಳುವ ತಂತ್ರಾಂಶ ಆ ಹೆಸರನ್ನೇ ಉಚ್ಚರಿಸುತ್ತದೆ.

ನಾವಿಬ್ಬರೂ ಫಾರ್ಮನ್ನು ಮೂರಾಗಿ ಬಿಡಿಸಿದೆವು. ಚೌಕಗಳು ಮತ್ತು ಅವುಗಳ ಹೆಸರು ಒಂದೆಡೆ, ಬಣ್ಣ ಇನ್ನೊಂದೆಡೆ, ನಿಯಮಗಳು ಸರ್ವರಿನಲ್ಲಿ. ಪುಟದಲ್ಲಿ ಮಾಡಿದ ಪರೀಕ್ಷೆಯನ್ನು ಯಾರು ಬೇಕಾದರೂ ದಾಟಿ ಹೋಗಬಹುದಾದ್ದರಿಂದ ಅಂತಿಮ ತಪಾಸಣೆ ಅಲ್ಲೇ ನಡೆಯಬೇಕು. ನಿಯಮ ಇನ್ನು ಬಣ್ಣದ ಮಾತನ್ನೇ ಆಡುವುದಿಲ್ಲ. 'ಪಿನ್‌ಕೋಡಿನಲ್ಲಿ ಆರು ಅಂಕಿಗಳಿರಬೇಕು' ಎಂಬ ವಾಕ್ಯವನ್ನಷ್ಟೇ ಕಳುಹಿಸುತ್ತದೆ. ಅದನ್ನು ಕೆಂಪಾಗಿಸುವುದು, ದೊಡ್ಡದಾಗಿಸುವುದು, ಓದಿ ಹೇಳುವುದು ಬೇರೆಯವರ ಕೆಲಸ.

ಮರುದಿನ ಆ ಶಿಷ್ಯನ ವಿಳಾಸ ಬಂತು. ಹಿಂದೆಯೇ ಫೋನೂ ಬಂತು. "ಐದೇ ಅಂಕಿ ಹಾಕಿದ್ದೆ ಸರ್. ಈ ಸಲ ಅದೇ ಹೇಳಿತು."